ಹವಳ ಅಳೆದರೆ ಹವಳ ಉಳಿಯುತ್ತಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಲಕ್ಷದ್ವೀಪದ ಬಗ್ಗೆ ಒಂದು ಸಣ್ಣ ಸುದ್ದಿ ಹಾಕಿದ್ದೆವು. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತ ಜೀವಂತ ಹವಳ 24 ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂದು ಸಂಶೋಧಕರು 2025ರಲ್ಲಿ ಪ್ರಕಟಿಸಿದ್ದರು, ಅದೇ ಆ ಸುದ್ದಿ. ನಾಲ್ಕು ಸಾಲಿನ ಸುದ್ದಿಗೆ ಇಷ್ಟು ಪತ್ರ ಬರುತ್ತವೆ ಎಂದು ನಾವು ಅಂದುಕೊಂಡಿರಲಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಹಳೇ ಬಂದರಿನ ಹತ್ತಿರ ನಮ್ಮ ಅಂಗಡಿ. ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ ಎಲ್ಲ ಹೇರಿಕೊಂಡು ಮಂಜಿ ದೋಣಿಗಳು ಲಕ್ಷದ್ವೀಪಕ್ಕೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಜಲ್ಲಿ ಕೂಡ ಇಲ್ಲಿಂದಲೇ ಹೋಗಬೇಕು ಅಂದರೆ, ಅಲ್ಲಿ ನೆಲ ಅನ್ನುವುದು ಯಾವುದರಿಂದ ಆಗಿದೆ?
(ಬಂದರು ಪ್ರದೇಶದ ವ್ಯಾಪಾರಿ, ಮಂಗಳೂರು)

ಉತ್ತರ: ಅಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ, ಒಡೆದು ಜಲ್ಲಿ ಮಾಡುವಂಥ ಬಂಡೆಯೂ ಇಲ್ಲ. ನೆಲವೆಲ್ಲ ಹವಳದ ಪುಡಿ ಮತ್ತು ಹವಳದ ಚೂರು. ತುಂಬಾ ಹಿಂದೆ ಜ್ವಾಲಾಮುಖಿಯಿಂದ ಎದ್ದ ಬೆಟ್ಟಗಳು ನಿಧಾನವಾಗಿ ಕಡಲಿಗೆ ಇಳಿಯುತ್ತಾ ಹೋದವು. ಅವುಗಳ ಅಂಚಿನಲ್ಲಿದ್ದ ಹವಳ ಬೆಳಕಿಗಾಗಿ ಮೇಲಮೇಲಕ್ಕೆ ಬೆಳೆಯುತ್ತಾ ಬಂತು. ಕೊನೆಗೆ ಬೆಟ್ಟ ಮುಳುಗಿತು, ಉಂಗುರದ ಆಕಾರದ ಹವಳದ ದಿಬ್ಬ ಉಳಿಯಿತು. ಉಂಗುರದ ಒಳಗಿನ ಆಳವಿಲ್ಲದ ತಿಳಿನೀರಿಗೆ ಲಗೂನ್ ಎನ್ನುತ್ತಾರೆ. ಚಾರ್ಲ್ಸ್ ಡಾರ್ವಿನ್ ಈ ವಿವರಣೆಯನ್ನು 1842ರಲ್ಲೇ ಪುಸ್ತಕವಾಗಿ ಬರೆದಿದ್ದ.

ಇನ್ನು ಮರಳು. ಅದರಲ್ಲಿ ಒಂದು ಪಾಲು ಮೀನುಗಳ ಕೆಲಸ ಎಂದರೆ ನಂಬುತ್ತೀರಾ? ಗಿಣಿಮೀನು ಎಂದು ಒಂದು ಜಾತಿ ಇದೆ. ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆಯನ್ನು ಕೆರೆದು ಪಾಚಿ ತಿನ್ನುತ್ತದೆ, ಹೊಟ್ಟೆಗೆ ಹೋದ ಕಲ್ಲನ್ನು ನುಣ್ಣಗೆ ಅರೆದು ಹೊರಗೆ ಹಾಕುತ್ತದೆ. ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ದೀವ್ಸ್‌ನ ವಕ್ಕಾರು ಎಂಬ ದ್ವೀಪದಲ್ಲಿ ಹೊಸದಾಗಿ ಹುಟ್ಟುವ ಮರಳಿನ ಶೇ. 85ಕ್ಕಿಂತ ಹೆಚ್ಚು ಭಾಗ ಗಿಣಿಮೀನಿನದ್ದೇ ಎಂದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿ ತೋರಿಸಿದೆ. ಹವಳ ಸತ್ತು ಗಿಣಿಮೀನು ಹೋದರೆ ಮರಳು ಬರುವುದು ನಿಲ್ಲುತ್ತದೆ, ಅಲೆ ಕೊಚ್ಚಿಕೊಂಡು ಹೋಗುವುದು ಮಾತ್ರ ನಿಲ್ಲುವುದಿಲ್ಲ. ಇಡೀ ಲಕ್ಷದ್ವೀಪದ ನೆಲ ಸೇರಿಸಿದರೆ ಸುಮಾರು 32 ಚದರ ಕಿಲೋಮೀಟರ್ ಅಷ್ಟೆ. ಜನ ಇರುವುದು ಹತ್ತು ದ್ವೀಪಗಳಲ್ಲಿ, 2011ರ ಜನಗಣತಿಯ ಪ್ರಕಾರ 64,473 ಮಂದಿ. ಇವರಿಗೆಲ್ಲ ಕಾಲ ಕೆಳಗಿನ ನೆಲ ಕೊಡುತ್ತಿರುವುದು ಜೀವಂತ ಹವಳ.

ನಿಮಗೆ ಇನ್ನೊಂದು ವಿಷಯ ಹೇಳಬೇಕು. ನೀವು ಬಂದರಿನಲ್ಲಿ ಮಾತಾಡಿಸುವ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಕಡೆಯವರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವರ ಕಚೇರಿ ಕೆಲಸ ಎಲ್ಲ ಮಂಗಳೂರಿನಲ್ಲೇ. ಹಾಗಾಗಿ ಇದನ್ನು ಎಲ್ಲೋ ದೂರದ ಸುದ್ದಿ ಅಂತ ಬದಿಗಿಡಲು ನಮ್ಮ ಕಡೆಯವರಿಗೆ ಕಾರಣವೇ ಇಲ್ಲ.

ಪ್ರಶ್ನೆ: ಹವಳ ಬೆಳ್ಳಗಾಯಿತು ಅಂತ ಬರೆದಿದ್ದಿರಿ. ಬೆಳ್ಳಗಾದರೆ ಸತ್ತ ಹಾಗೇನಾ?
(ಗೃಹಿಣಿ, ದಾವಣಗೆರೆ)

ಉತ್ತರ: ಅಲ್ಲ, ಆದರೆ ಹಸಿದಿದೆ ಎಂದು ಅರ್ಥ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಆ ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ, ಹವಳದ ಊಟದ ದೊಡ್ಡ ಪಾಲು ಅದೇ. ಬಣ್ಣವೂ ಅದರದ್ದೇ. ಬೇಸಿಗೆಯಲ್ಲಿ ನೀರು ಸಾಮಾನ್ಯವಾಗಿ ಎಷ್ಟು ಬಿಸಿಯಾಗುತ್ತದೋ ಅದಕ್ಕಿಂತ ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಗ ಒಳಗಿನ ಬಿಳಿ ಸುಣ್ಣದ ಗೂಡು ಕಾಣುತ್ತದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳುತ್ತದೆ, ಹವಳ ಬದುಕುತ್ತದೆ. ಬಿಸಿ ಹಾಗೇ ಮುಂದುವರಿದರೆ ಸಾಯುತ್ತದೆ.

ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಜಗತ್ತಿನ ಹವಾಮಾನ ಏರುಪೇರಾಗುವುದಕ್ಕೆ ಎಲ್ ನಿನೋ ಎನ್ನುತ್ತಾರೆ. ಲಕ್ಷದ್ವೀಪದಲ್ಲಿ 1998, 2010, 2016 ಈ ಮೂರು ಎಲ್ ನಿನೋ ಕಾಲದಲ್ಲಿ ದೊಡ್ಡ ಮಟ್ಟದಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು, ಆ ವರ್ಷ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ನಾಲ್ಕನೇ ಸಲ ಹವಳ ಬಿಳಿಚಿಕೊಳ್ಳುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದರು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇಂಕಾಯ್ಸ್ 2011ರಿಂದ ಉಪಗ್ರಹದ ತಾಪಮಾನ ನೋಡಿ ನಮ್ಮ ದೇಶದ ಹವಳದ ಜಾಗಗಳಿಗೆ ಮುನ್ನೆಚ್ಚರಿಕೆ ಕೊಡುತ್ತಿದೆ. ಮುನ್ನೆಚ್ಚರಿಕೆ ಬಂದರೆ ನೀರನ್ನು ತಣ್ಣಗೆ ಮಾಡಲಾಗುವುದಿಲ್ಲ ನಿಜ. ಆದರೆ ಯಾವ ವಾರ ನೀರಿಗಿಳಿದು ನೋಡಬೇಕು ಎಂದು ಸಂಶೋಧಕರಿಗೆ ತಿಳಿಯುತ್ತದೆ, ಅದು ಮುಖ್ಯ.

ಪ್ರಶ್ನೆ: ಬೇಜಾರು ಮಾಡಿಕೊಳ್ಳಬೇಡಿ. 24 ವರ್ಷ ಅದೇ ಮೂರು ದ್ವೀಪದಲ್ಲಿ ಟೇಪು ಹಿಡಿದು ಅಳೆದರಂತೆ. ಅಳೆದ ಮೇಲೂ ಹವಳ ಅರ್ಧ ಹೋಯಿತಲ್ಲ? ಈ ದುಡ್ಡು, ಈ ಶ್ರಮ ನೇರವಾಗಿ ಸಂರಕ್ಷಣೆಗೆ ಹಾಕಬಹುದಿತ್ತು ಅಲ್ವಾ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು)

ಉತ್ತರ: ಬೇಜಾರೇನಿಲ್ಲ ಸಾರ್, ಇದು ಕೇಳಲೇಬೇಕಾದ ಪ್ರಶ್ನೆ. ಈ ಕೆಲಸ ಹೊತ್ತವರು ನಿಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು. ರೋಹನ್ ಆರ್ಥರ್, ಸ್ಪೇನ್‌ನ ತೆರೇಸಾ ಅಲ್ಕೊವೆರೊ ಮತ್ತು ಅವರ ಜೊತೆಗೆ ಬಂದ ಕಿರಿಯ ಸಂಶೋಧಕರು 1998ರಿಂದ ಇದೇ ದ್ವೀಪಗಳ ಬೆನ್ನು ಹಿಡಿದಿದ್ದಾರೆ.

ಕೆಲಸ ನೋಡಲು ಬಹಳ ಸರಳ. ನೀರಿನಡಿಯಲ್ಲಿ ಟೇಪು ಹಾಸಬೇಕು. ಅದರ ಉದ್ದಕ್ಕೂ ಜೀವಂತ ಹವಳ ಎಷ್ಟು, ಯಾವ ಜಾತಿ, ಸತ್ತದ್ದೆಷ್ಟು, ಪಾಚಿ ಎಷ್ಟು, ಯಾವ ಮೀನು ಎಷ್ಟು ಎಂದು ಬರೆದುಕೊಳ್ಳಬೇಕು. ಮುಂದೆ ಬಂದಾಗ ಅದೇ ಜಾಗ, ಅದೇ ಆಳ, ಅದೇ ರೀತಿ. ಮಲೆನಾಡಿನ ಹಳೇ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದಲ್ಲ, ಒಂದು ವರ್ಷದ ಪುಟ ಏನೂ ಹೇಳುವುದಿಲ್ಲ, ಮೂವತ್ತು ವರ್ಷದ್ದು ಒಟ್ಟಿಗೆ ಇಟ್ಟಾಗ ಮಾತ್ರ ಮಳೆ ಹೇಗೆ ಬದಲಾಯಿತು ಎಂದು ಗೊತ್ತಾಗುತ್ತದೆ. ಇದೂ ಹಾಗೇ.

ಹಾಗಾದರೆ ಆ ಲೆಕ್ಕ ಏನು ಹೇಳಿತು? 1998ರಲ್ಲಿ ಸುಮಾರು ಶೇ. 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇ. 19ರ ಆಸುಪಾಸಿಗೆ ಬಂದಿತ್ತು. ಇಷ್ಟೇ ಆಗಿದ್ದರೆ ನೀವು ಹೇಳಿದ ಮಾತನ್ನೇ ನಾನೂ ಹೇಳುತ್ತಿದ್ದೆನೋ ಏನೋ. ಆದರೆ ಅದರೊಳಗೆ ಇನ್ನೂ ಎರಡು ವಿಷಯ ಇವೆ. ಒಂದು, ಪ್ರತಿ ಸಲ ನೀರು ಬಿಸಿಯಾದಾಗ ಸಾಯುವ ಹವಳದ ಪ್ರಮಾಣ ಕಡಿಮೆಯಾಗುತ್ತಾ ಬಂದಿದೆ. ಸೂಕ್ಷ್ಮವಾದವು ಮೊದಲೇ ಹೋದವು, ಗಟ್ಟಿ ಜಾತಿಗಳು ಉಳಿದವು. ಇನ್ನೊಂದು, ಸತ್ತ ಮೇಲೆ ಮತ್ತೆ ಚಿಗುರುವ ವೇಗವೂ ಕಡಿಮೆಯಾಗುತ್ತಾ ಬಂದಿದೆ. ಬೇಗ ಬೆಳೆಯುವ ಕವಲು ಕವಲಿನ ಹವಳ ಹೋಗಿ, ವರ್ಷಕ್ಕೆ ಒಂದು ಸೆಂಟಿಮೀಟರ್‌ನಂತೆ ಬೆಳೆಯುವ ಗುಂಡು ಹವಳ ಉಳಿದರೆ ಹಾಗಾಗದೆ ಇನ್ನೇನು? ಚಿಗುರುವಿಕೆ ಚೆನ್ನಾಗಿ ಕಾಣುವುದು ಸುಮಾರು ಆರು ವರ್ಷ ಬಿಸಿ ಇಲ್ಲದೆ ಕಳೆದ ಮೇಲೆ ಎಂದೂ ಅದೇ ಲೆಕ್ಕದಿಂದ ತಿಳಿಯಿತು. 2010ಕ್ಕೂ 2016ಕ್ಕೂ ನಡುವೆ ಇದ್ದದ್ದೇ ಆರು ವರ್ಷ!

ಈ ಆರು ವರ್ಷದ ಮಾತು ಆಡಳಿತ ನಡೆಸುವವರಿಗೆ ನೇರವಾಗಿ ಬೇಕಾದದ್ದು. ಹವಳ ಚೇತರಿಸಿಕೊಳ್ಳುವ ಆ ಕಾಲದಲ್ಲಿ ಲಗೂನ್‌ನಲ್ಲಿ ಹೂಳೆತ್ತಿದರೆ, ಕಟ್ಟಡದ ಕೊಳಚೆ ಬಿಟ್ಟರೆ, ಪಾಚಿ ತಿನ್ನುವ ಮೀನುಗಳನ್ನು ಹಿಡಿದು ಖಾಲಿ ಮಾಡಿದರೆ ಹವಳದ ಮರಿಗೆ ಕೂರಲು ಜಾಗವೇ ಇರುವುದಿಲ್ಲ. ಭೂಮಿ ಬಿಸಿಯಾಗುವುದನ್ನು ಕವರತ್ತಿಯಲ್ಲಿ ಕೂತು ನಿಲ್ಲಿಸಲು ಆಗುವುದಿಲ್ಲ, ಇವುಗಳನ್ನು ನಿಲ್ಲಿಸಬಹುದು.

ಇದು ಬರೀ ಆಸೆಯ ಮಾತಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆಸ್ಟ್ರೇಲಿಯಾದ ಪಶ್ಚಿಮ ತೀರದಿಂದ ಇನ್ನೂರೈವತ್ತು ಕಿಲೋಮೀಟರಿಗೂ ಆಚೆ ಸ್ಕಾಟ್ ರೀಫ್ ಎಂಬ ಒಂಟಿ ಹವಳದ ದಿಬ್ಬ ಇದೆ. 1998ರ ಬಿಸಿಗೆ ಅಲ್ಲಿ ಹವಳ ಶೇ. 9ಕ್ಕೆ ಇಳಿಯಿತು. ಹತ್ತಿರದಲ್ಲಿ ಬೇರೆ ಹವಳ ಇಲ್ಲ, ಮರಿ ಬರುವುದು ಎಲ್ಲಿಂದ, ಇದರ ಕತೆ ಮುಗಿಯಿತು ಎಂದು ಅಂದುಕೊಂಡಿದ್ದರು. ಹನ್ನೆರಡು ವರ್ಷದಲ್ಲಿ ಅದು ಶೇ. 44ಕ್ಕೆ ಏರಿತು. ಉಳಿದಿದ್ದ ಹವಳಗಳೇ ಬೆಳೆದು ಮರಿ ಹಾಕಿದವು, ಪಾಚಿ ತಿನ್ನುವ ಮೀನುಗಳು ಸಾಕಷ್ಟಿದ್ದವು, ನೀರು ಶುದ್ಧವಾಗಿತ್ತು. ಅಲ್ಲೂ ವರ್ಷಾನುಗಟ್ಟಲೆ ಅಳೆಯುತ್ತಾ ಇದ್ದವರು ಇದ್ದುದರಿಂದ ಈ ಕಾರಣಗಳು ಗೊತ್ತಾದವು. 2016ರಲ್ಲಿ ಆ ದಿಬ್ಬಕ್ಕೂ ಮತ್ತೆ ಜೋರು ಹೊಡೆತ ಬಿತ್ತು, ಅದನ್ನೂ ಹೇಳಬೇಕು.

ಅಳತೆಗೆ ಹಾಕಿದ ದುಡ್ಡು ಸಂರಕ್ಷಣೆಗೆ ಹಾಕಿದ ದುಡ್ಡೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ ಸಾರ್. ಅದಿಲ್ಲದಿದ್ದರೆ ಏನು ಹೋಯಿತು ಅನ್ನುವುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಪ್ರಶ್ನೆ: ಆಮೆ ಜಾಸ್ತಿಯಾಗಿ ಲಕ್ಷದ್ವೀಪದ ಕಡಲ ಹುಲ್ಲು ಖಾಲಿಯಾಯಿತು ಎಂದು ಎಲ್ಲೋ ಕೇಳಿದೆ. ಕಾನೂನಿನ ರಕ್ಷಣೆ ಇರುವ ಪ್ರಾಣಿಯ ಮೇಲೆ ಹೀಗೆ ಗೂಬೆ ಕೂರಿಸುವುದು ಸರಿಯಾ?
(ಪರಿಸರ ಸಂಘದ ಕಾರ್ಯಕರ್ತೆ, ಕುಂದಾಪುರ)

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಹಾಗಿದ್ದೂ, ನೀವು ಕೇಳಿದ್ದು ನಿಜ.

ಹಸಿರು ಕಡಲಾಮೆ ದೊಡ್ಡದಾದ ಮೇಲೆ ಮುಖ್ಯವಾಗಿ ತಿನ್ನುವುದು ಕಡಲ ಹುಲ್ಲು. ಲಗೂನ್‌ಗಳ ತಳದಲ್ಲಿ ಗದ್ದೆಯಂತೆ ಈ ಹುಲ್ಲು ಹರಡಿರುತ್ತಿತ್ತು. ಮೀನಿನ ಮರಿಗಳಿಗೆ ಅದು ಅಡಗುವ ಜಾಗ, ಮರಳನ್ನು ಹಿಡಿದು ನಿಲ್ಲಿಸುವುದೂ ಅದೇ. ಹಿಂದೆ ದ್ವೀಪದವರು ಆಮೆ ಹಿಡಿಯುತ್ತಿದ್ದರು, ಅದರ ಕೊಬ್ಬಿನ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. ಕಾನೂನು ಬಂತು, ಬೇಟೆ ನಿಂತಿತು, ಆಮೆ ಹೆಚ್ಚಿತು. 2000ದ ದಶಕದ ಹೊತ್ತಿಗೆ ಅಗತ್ತಿಯ ಲಗೂನ್‌ನಲ್ಲಿ ಆಮೆಗಳು ತುಂಬಾ ದಟ್ಟವಾಗಿದ್ದವು.

ಅಗತ್ತಿಯ ಮೀನುಗಾರರು ಆಗಲೇ ದೂರತೊಡಗಿದರು. ಆಮೆ ಬಲೆ ಹರಿಯುತ್ತದೆ, ಹುಲ್ಲು ಮೇಯುತ್ತದೆ, ಹುಲ್ಲು ಹೋದ ಮೇಲೆ ಲಗೂನ್‌ನಲ್ಲಿ ಮೀನೇ ಸಿಗುತ್ತಿಲ್ಲ ಎಂದು. ಇಂಥ ಮಾತು ಬಂದಾಗ ಸಂರಕ್ಷಣೆಯವರು ಸಾಮಾನ್ಯವಾಗಿ ಏನು ಮಾಡುತ್ತಾರೆ ನಿಮಗೂ ಗೊತ್ತು, ಜನರಿಗೆ ತಿಳುವಳಿಕೆ ಕೊಡಬೇಕು ಎಂದು ಒಂದು ಶಿಬಿರ ಇಡುತ್ತಾರೆ. ಇಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು. ಮೀನುಗಾರರು ಹೇಳಿದ್ದನ್ನು ಒಂದೊಂದಾಗಿ ಪರೀಕ್ಷೆಗೆ ಇಟ್ಟರು. ಅವರ ಜೊತೆ ಕೂತು ಮಾತಾಡಿದರು, ಆಮೆ ಎಣಿಸಿದರು, ಹುಲ್ಲಿನ ಎತ್ತರ, ಬೆಳೆಯುವ ವೇಗ ಅಳೆದರು. ಹುಲ್ಲಿನ ಕೆಲವು ತುಂಡು ಜಾಗಗಳಿಗೆ ಆಮೆ ಒಳಗೆ ಬಾರದಂತೆ ಜಾಲರಿ ಹಾಕಿ, ಒಳಗಿನ ಹುಲ್ಲಿಗೂ ಹೊರಗಿನ ಹುಲ್ಲಿಗೂ ಹೋಲಿಸಿದರು. ಹುಲ್ಲು ಚೆನ್ನಾಗಿದ್ದ ಕಡೆ ಮತ್ತು ಮೇಯ್ದು ಬೋಳಾದ ಕಡೆ ಮೀನು ಎಷ್ಟಿದೆ ಎಂದು ನೋಡಿದರು.

ಮೀನುಗಾರರ ಮಾತು ಬಹುಮಟ್ಟಿಗೆ ಸರಿಯಾಗಿತ್ತು. ಉದ್ದ ಎಲೆಯ, ನಿಧಾನ ಬೆಳೆಯುವ ಹುಲ್ಲಿನ ಜಾತಿ ಹೋಗಿ, ಬೇಗ ಚಿಗುರುವ ಗಿಡ್ಡ ಜಾತಿ ಬಂದಿತ್ತು. ಮುಂದೆ ಅದೂ ತಡೆಯಲಿಲ್ಲ. ಹುಲ್ಲಿನ ಜೊತೆ ಹುಲ್ಲಿನಲ್ಲಿ ಬದುಕುವ ಮೀನೂ ಕಡಿಮೆಯಾಗಿತ್ತು. ಅಗತ್ತಿಯಲ್ಲಿ ಮೇವು ಮುಗಿದಾಗ ಆಮೆಗಳು ಕಡಮತ್ ಕಡೆ ಹೋದವು, ಅಲ್ಲೂ ಮುಗಿದಾಗ ಬೇರೆ ಲಗೂನ್‌ಗಳಿಗೆ. ಹೀಗೆ ಒಂದಾದ ಮೇಲೊಂದು ದ್ವೀಪದಲ್ಲಿ ಹುಲ್ಲುಗಾವಲು ಹೆಸರಿಗೆ ಮಾತ್ರ ಉಳಿದದ್ದನ್ನು 2021ರಲ್ಲಿ ಪ್ರಕಟಿಸಿದರು.

ಹಾಗೆಂದು ಆಮೆಯದ್ದು ತಪ್ಪಾ? ಖಂಡಿತ ಅಲ್ಲ. ಆಮೆಯನ್ನು ತಿನ್ನುವ, ಒಂದೇ ಕಡೆ ನಿಂತು ಮೇಯದ ಹಾಗೆ ಹೆದರಿಸಿ ಓಡಿಸುವ ದೊಡ್ಡ ಶಾರ್ಕ್‌ಗಳು, ಅದರಲ್ಲೂ ಹುಲಿ ಶಾರ್ಕ್, ಜಗತ್ತಿನ ಕಡಲುಗಳಲ್ಲೆಲ್ಲ ಮೀನುಗಾರಿಕೆಯಿಂದ ಕಡಿಮೆಯಾಗಿವೆ. ಬೇರೆ ತೀರಗಳಲ್ಲಿ ಹುಲ್ಲುಗಾವಲೂ ನಾಶವಾಗಿದೆ. ಉಳಿದ ಕೆಲವೇ ಜಾಗಗಳಲ್ಲಿ ಆಮೆಗಳೆಲ್ಲ ಬಂದು ಸೇರುತ್ತವೆ. ಒಂದು ಪ್ರಾಣಿಯನ್ನು ಕಾಪಾಡಿ, ಅದರ ಸುತ್ತಲಿನದ್ದನ್ನು ಬಿಟ್ಟುಬಿಟ್ಟರೆ ಹೀಗಾಗುತ್ತದೆ. ನಷ್ಟ ಬೀಳುವುದು ಲಗೂನ್‌ನಲ್ಲಿ ಬಲೆ ಹಾಕಿ ಆ ದಿನದ ಊಟಕ್ಕೆ ಮೀನು ತರುವ ಮನೆಯ ಮೇಲೆ.

ಆಮೆ ಕೊಲ್ಲಿ ಎಂದು ಯಾವ ಸಂಶೋಧಕರೂ ಹೇಳಿಲ್ಲ. ಹುಲ್ಲಿನ ಒಂದಿಷ್ಟು ಜಾಗಕ್ಕೆ ಬೇಲಿ ಹಾಕಿ ಬೇರು ಮತ್ತು ಬೀಜ ಉಳಿಸಿಕೊಳ್ಳುವುದು, ಶಾರ್ಕ್ ಉಳಿಸುವುದು, ಹರಿದ ಬಲೆಗೆ ಪರಿಹಾರ ಕೊಡುವುದು, ಇವೆಲ್ಲ ಯೋಚಿಸಬಹುದಾದ ದಾರಿಗಳು ಎಂದು ನನಗೆ ಅನಿಸುತ್ತದೆ. ಎಲ್ಲಕ್ಕಿಂತ ಮೊದಲು ಆ ಮೀನುಗಾರರ ಮಾತನ್ನು ದೂರು ಎಂದು ತಳ್ಳಿಹಾಕದೆ ಮಾಹಿತಿ ಎಂದು ತೆಗೆದುಕೊಳ್ಳಬೇಕು. ನಿಮ್ಮ ಸಂಘದವರು ಕುಂದಾಪುರದ ಕಡೆ ಆಮೆ ಮೊಟ್ಟೆ ಕಾಯುವ ಕೆಲಸ ಮಾಡುತ್ತಿದ್ದರೆ ದಯವಿಟ್ಟು ಮುಂದುವರಿಸಿ, ಅಲ್ಲಿ ಮೊಟ್ಟೆ ಇಡಲು ಬರುವುದು ಬೇರೆ ಜಾತಿ, ಆಲಿವ್ ರಿಡ್ಲಿ, ಅದು ಹುಲ್ಲು ಮೇಯುವುದಿಲ್ಲ.

ಪ್ರಶ್ನೆ: ಲಕ್ಷದ್ವೀಪದಲ್ಲಿ ಮೀನುಗಾರಿಕೆಯನ್ನೇ ಪೂರ್ತಿ ನಿಲ್ಲಿಸಿ, ಜನರಿಗೆ ಪ್ರವಾಸೋದ್ಯಮದಲ್ಲಿ ಕೆಲಸ ಕೊಟ್ಟರೆ ಹವಳ ಉಳಿಯುವುದಿಲ್ಲವೇ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಅಲ್ಲಿನ ಹವಳ ಇಷ್ಟಾದರೂ ಉಳಿದಿರುವುದಕ್ಕೆ ಅವರ ಮೀನುಗಾರಿಕೆಯೇ ಒಂದು ಕಾರಣ. ಅವರ ಮುಖ್ಯ ಮೀನು ಟ್ಯೂನಾ. ಹಿಡಿಯುವುದು ಗಾಳದ ಕೋಲಿನಿಂದ, ಒಬ್ಬೊಬ್ಬರು ಒಂದೊಂದೇ ಮೀನು. ಬೆಳಗ್ಗೆ ಲಗೂನ್‌ನಲ್ಲಿ ಸಣ್ಣ ಮೀನುಗಳನ್ನು ಹಿಡಿದು ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಆಳ ಕಡಲಲ್ಲಿ ಟ್ಯೂನಾ ಹಿಂಡು ಕಂಡಾಗ ಆ ಸಣ್ಣ ಮೀನನ್ನು ಎರಚುತ್ತಾರೆ, ನೀರು ಚಿಮುಕಿಸುತ್ತಾರೆ. ಟ್ಯೂನಾ ಮುಗಿಬಿದ್ದಾಗ ದೋಣಿಯ ಅಂಚಿನಲ್ಲಿ ಸಾಲಾಗಿ ನಿಂತು ಗಾಳ ಹಾಕಿ ಎತ್ತಿ ಹಿಂದಕ್ಕೆ ಎಸೆಯುತ್ತಾರೆ. ಮುಳ್ಳಿಲ್ಲದ ಕೊಕ್ಕೆ, ಮೀನು ತಾನೇ ಕಳಚಿಕೊಂಡು ದೋಣಿಗೆ ಬೀಳುತ್ತದೆ. ಮಿನಿಕಾಯ್‌ನವರು ತಲೆಮಾರುಗಳಿಂದ ಮಾಡುತ್ತಿದ್ದ ಈ ವಿದ್ಯೆ ಯಂತ್ರದ ದೋಣಿ ಬಂದ ಮೇಲೆ ಬೇರೆ ದ್ವೀಪಗಳಿಗೂ ಹಬ್ಬಿತು. ಇದರಿಂದ ಒಂದು ದೊಡ್ಡ ಉಪಕಾರ ಆಯಿತು. ಜನ ಹೊಟ್ಟೆಪಾಡಿಗೆ ಹವಳದ ದಿಬ್ಬದ ಮೀನನ್ನೇ ನಂಬಬೇಕಾಗಲಿಲ್ಲ. ಗಿಣಿಮೀನು, ಗ್ರೂಪರ್ ಎಲ್ಲ ಉಳಿದವು.

ಆದರೆ ಆ ಎರೆ ಮೀನು ಬದುಕುವುದು ಹವಳದ ಆಸರೆಯಲ್ಲಿ. ಹವಳ ಸತ್ತರೆ ಎರೆಯಿಲ್ಲ, ಎರೆಯಿಲ್ಲದೆ ಟ್ಯೂನಾ ಇಲ್ಲ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅಲ್ಲಿ ಮೀನುಗಾರರ ಕೈಗೇ ಲೆಕ್ಕದ ಪುಸ್ತಕ ಕೊಟ್ಟಿದೆ. ಎಷ್ಟು ಎರೆ ಹಿಡಿದೆವು, ಎಷ್ಟು ಟ್ಯೂನಾ ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಅವರೇ ಬರೆಯುತ್ತಾರೆ. ಇಂಥ ಕೆಲಸ ನನಗೆ ತುಂಬಾ ಇಷ್ಟ. ಲೆಕ್ಕ ಯಾರ ಕೈಯಲ್ಲಿರುತ್ತದೋ ನಿರ್ಧಾರವೂ ಅವರ ಹತ್ತಿರಕ್ಕೆ ಬರುತ್ತದೆ.

ಬಿತ್ರದ ಕತೆಯನ್ನೂ ಕೇಳಿ. ಜನವಸತಿ ಇರುವ ದ್ವೀಪಗಳಲ್ಲಿ ಅದೇ ಚಿಕ್ಕದು, 2011ರಲ್ಲಿ 271 ಜನ. ಅಲ್ಲಿನ ಲಗೂನ್ ಬಳಿ ವರ್ಷದ ಕೆಲವೇ ದಿನ, ಚಂದ್ರನ ಲೆಕ್ಕ ಹಿಡಿದು, ಒಂದು ಜಾತಿಯ ಗ್ರೂಪರ್ ಮೀನು ಮೊಟ್ಟೆ ಇಡಲು ಭಾರೀ ಸಂಖ್ಯೆಯಲ್ಲಿ ಸೇರುತ್ತದೆ. ಸಂಶೋಧಕಿ ಋಚಾ ಕರ್ಕರೆ ಮತ್ತು ಜೊತೆಗಾರರು ಅದನ್ನು ನೋಡಿದಾಗ ಬೇರೆಲ್ಲೂ ದಾಖಲಾಗದ ಒಂದು ನಡವಳಿಕೆ ಕಂಡರು. ಸಾಮಾನ್ಯವಾಗಿ ಒಂದು ಗಂಡು ತನ್ನ ಜಾಗ ಕಾದುಕೊಂಡು ಒಂದೊಂದೇ ಹೆಣ್ಣನ್ನು ಒಲಿಸಿಕೊಳ್ಳುತ್ತದೆ, ಇಲ್ಲಿ ದೊಡ್ಡ ಗಂಡುಗಳು ಸಣ್ಣ ಹೆಣ್ಣುಗಳ ಇಡೀ ಹಿಂಡನ್ನೇ ಒಲಿಸಲು ಹೋಗುತ್ತಿದ್ದವು. ಮೀನು ಅಷ್ಟು ದಟ್ಟವಾಗಿದ್ದರಿಂದ ಮಾತ್ರ ಹೀಗೆ ಎಂದು ಅವರು ಅರ್ಥ ಮಾಡಿಕೊಂಡರು. ಇಂಥ ಕೂಟದ ಮೇಲೆ ಆ ದಿನಗಳಲ್ಲಿ ಒಂದೆರಡು ದೋಣಿ ಬಂದು ಗಾಳ ಹಾಕಿದರೆ ಇಡೀ ಪ್ರದೇಶದ ಗ್ರೂಪರ್ ಸಂತತಿಗೆ ಪೆಟ್ಟು. ವರ್ಷವಿಡೀ ನಿಷೇಧ ಬೇಕಾಗಿಲ್ಲ. ಯಾವ ದಿನ, ಯಾವ ಜಾಗ ಎಂದು ಗೊತ್ತಿದ್ದರೆ ಆ ಕೆಲವು ದಿನ ಬಿಟ್ಟರೆ ಸಾಕು. ಇತ್ತೀಚೆಗೆ ದಿಬ್ಬದ ಮೀನಿಗೆ ಹೊರಗಿನ ಬೇಡಿಕೆ ಹೆಚ್ಚುತ್ತಿರುವುದರಿಂದ ಇದು ತುರ್ತಿನ ಮಾತು.

ಇನ್ನು ಪ್ರವಾಸೋದ್ಯಮ. ಅಲ್ಲಿ ಕುಡಿಯುವ ನೀರು ಎಂದರೆ ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳ್ಳಗಿನ ಸಿಹಿನೀರಿನ ಪದರ. ಕಸ ಹಾಕಲು ಜಾಗವಿಲ್ಲ. ಟ್ಯೂನಾ ದೋಣಿ ಬಿಡಿಸಿ ಹೋಟೆಲ್ ಕೆಲಸಕ್ಕೆ ಹಚ್ಚುವುದು ಹವಳಕ್ಕೆ ಒಳ್ಳೆಯದು ಎಂದು ನಾನಂತೂ ಒಪ್ಪುವುದಿಲ್ಲ.

ಪ್ರಶ್ನೆ: ದ್ವೀಪದಲ್ಲಿ ಇಲಿ ಇದ್ದರೆ ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳಿದರು. ಇದು ನಿಜವಾ?
(ಎಂಟನೇ ತರಗತಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ನಿಜ ಪುಟ್ಟಾ, ನಿನ್ನ ಮೇಷ್ಟ್ರು ಒಳ್ಳೆಯ ವಿಷಯ ಹೇಳಿದ್ದಾರೆ. ಹಿಂದೂ ಮಹಾಸಾಗರದ ನಡುವೆ ಚಾಗೋಸ್ ದ್ವೀಪಗಳಿವೆ. ಕೆಲವು ದ್ವೀಪಗಳಿಗೆ ಹಡಗಿನ ಜೊತೆ ಇಲಿ ಬಂದು ಸೇರಿತು, ಕೆಲವಕ್ಕೆ ಬರಲಿಲ್ಲ. ಇಲಿ ಕಡಲಹಕ್ಕಿಗಳ ಮೊಟ್ಟೆ, ಮರಿ ತಿನ್ನುತ್ತದೆ. ಇಲಿ ಇಲ್ಲದ ದ್ವೀಪಗಳಲ್ಲಿ ಹಕ್ಕಿಗಳು 760 ಪಟ್ಟು ದಟ್ಟವಾಗಿದ್ದವು! ಹಕ್ಕಿಗಳು ದೂರದ ಕಡಲಲ್ಲಿ ಮೀನು ತಿಂದು ಬಂದು ದ್ವೀಪದಲ್ಲಿ ಹಿಕ್ಕೆ ಹಾಕುತ್ತವೆ. ಮಳೆಗೆ ಆ ಗೊಬ್ಬರ ತೊಳೆದು ಹವಳದ ದಿಬ್ಬಕ್ಕೆ ಹೋಗುತ್ತದೆ. ಅಂಥ ದ್ವೀಪಗಳ ಸುತ್ತ ಮೀನಿನ ಒಟ್ಟು ತೂಕ ಶೇ. 48ರಷ್ಟು ಜಾಸ್ತಿ ಇತ್ತು. ಇದು 2018ರಲ್ಲಿ ಪ್ರಕಟವಾದ ಅಧ್ಯಯನ. ಲಕ್ಷದ್ವೀಪದಲ್ಲಿ ಪಿಟ್ಟಿ ಎಂಬ ಮರಳಿನ ದಿಬ್ಬ ಇದೆ, ಜನ ಇಲ್ಲ, ಮರ ಇಲ್ಲ, ಸಾವಿರಾರು ಕಡಲಹಕ್ಕಿ ಗೂಡು ಮಾಡುವ ಜಾಗ, ಅದನ್ನು ಪಕ್ಷಿಧಾಮ ಮಾಡಿದ್ದಾರೆ. ಭೂಪಟದಲ್ಲಿ ಹುಡುಕಿ ನೋಡು.

ಪ್ರಶ್ನೆ: ನಮ್ಮ ಕಂಪನಿಯವರು ಹವಳ ನೆಡುವ ಯೋಜನೆಗೆ ಹಣ ಕೊಡಬೇಕೆಂದಿದ್ದಾರೆ. ಗಿಡ ನೆಟ್ಟ ಹಾಗೆ ಹವಳ ನೆಡಬಹುದೇ?
(ಕಂಪನಿಯೊಂದರ ವ್ಯವಸ್ಥಾಪಕಿ, ಬೆಂಗಳೂರು)

ಉತ್ತರ: ನೆಡಬಹುದು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ, ಗುಜರಾತಿನ ಮಿಠಾಪುರದಲ್ಲಿ ಮಾಡಿದ್ದಾರೆ. ದೋಣಿ ಗುದ್ದಿ ಒಡೆದ ಜಾಗ, ಹಿಂದೆ ಹವಳ ಗಣಿಗಾರಿಕೆ ಆಗಿದ್ದ ಜಾಗ, ಇಂಥ ಕಡೆ ಉಪಯೋಗ ಇದೆ. ಆದರೆ ನೀರು ಬಿಸಿಯಾಗಿ ಸತ್ತ ಕಡೆ ಮತ್ತೆ ನೆಟ್ಟರೆ, ಮುಂದಿನ ಬಿಸಿಗೆ ಅದೂ ಸಾಯುತ್ತದೆ. ಸಾವಿರಾರು ಚದರ ಕಿಲೋಮೀಟರ್ ಲಗೂನ್ ಇರುವ ಕಡೆ ಕೈಯಲ್ಲಿ ನೆಡುವುದು ಎಷ್ಟಕ್ಕೆ ಬರುತ್ತದೆ ಹೇಳಿ. ಫೋಟೋ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ದಯವಿಟ್ಟು ಕೊಡಬೇಡಿ. ಹತ್ತು ವರ್ಷ ಬಿಡದೆ ಅಳೆಯುವ ಕೆಲಸಕ್ಕೆ, ಸ್ಥಳೀಯ ಹುಡುಗರಿಗೆ ಡೈವಿಂಗ್ ಕಲಿಸಿ ಸಂಬಳ ಕೊಡುವುದಕ್ಕೆ ದುಡ್ಡು ಸಿಗುವುದು ಬಹಳ ಕಷ್ಟ. ಅದಕ್ಕೆ ಕೊಡಿ ಎಂದು ನಿಮ್ಮವರಿಗೆ ಹೇಳಿ ನೋಡಿ.

ಪ್ರಶ್ನೆ: ಪ್ರವಾಸಕ್ಕೆ ಹೋದಾಗ ದಡದಲ್ಲಿ ಬಿದ್ದಿದ್ದ ಸತ್ತ ಹವಳದ ತುಂಡು ತರಬಹುದಾ? ಜೀವಂತದ್ದಲ್ಲವಲ್ಲ?
(ಓದುಗರು, ಹುಬ್ಬಳ್ಳಿ)

ಉತ್ತರ: ತರಬೇಡಿ. ದಿಬ್ಬ ಕಟ್ಟುವ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ ಅದು. ಸತ್ತ ತುಂಡಿಗೂ ಅದೇ ಕಾನೂನು, ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು. ಆ ತುಂಡೇ ನಾಳೆ ಮರಳಾಗುವುದು ಎಂದು ಮೇಲೆ ಹೇಳಿದ್ದೇನೆ. ಹಾಗೇ ನೀರು ಇಳಿದಾಗ ದಿಬ್ಬದ ಮೇಲೆ ನಡೆಯಬೇಡಿ, ಕಾಲಿಟ್ಟ ಕಡೆ ಹವಳ ಒಡೆಯುತ್ತದೆ.

ಪ್ರಶ್ನೆ: ಅಷ್ಟು ದೂರ ಯಾಕೆ, ನಮ್ಮ ನೇತ್ರಾಣಿಯಲ್ಲೂ ಹವಳ ಇದೆಯಲ್ಲ?
(ಆಟೋ ಚಾಲಕರು, ಭಟ್ಕಳ)

ಉತ್ತರ: ಇದೆ, ಅಣ್ಣ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಆದರೆ ಅದು ಲಕ್ಷದ್ವೀಪದ ತರಹ ಹವಳವೇ ಕಟ್ಟಿದ ದ್ವೀಪವಲ್ಲ, ಕಲ್ಲಿನ ಗುಡ್ಡ. ಬಂಡೆಗಳ ಮೇಲೆ ಹವಳ ಬೆಳೆದಿದೆ. ಮಳೆಗಾಲದಲ್ಲಿ ನಮ್ಮ ಹೊಳೆಗಳ ಕೆಂಪು ನೀರು ಕಡಲಿಗೆ ಬರುವ ಕಡೆ ಇಷ್ಟಾದರೂ ಹವಳ ಉಳಿದಿದೆ ಎನ್ನುವುದೇ ಸಂಶೋಧನೆ ಮಾಡುವಂಥ ವಿಷಯ. ಗುಡ್ಡದ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ನೌಕಾಪಡೆ ಹಿಂದೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಇದೆ. ಈಗ ಡೈವಿಂಗ್‌ಗೆ ಜನ ಬರುತ್ತಾರೆ. ದೋಣಿಯವರು ಹವಳದ ಮೇಲೆ ಲಂಗರು ಎಸೆಯುವ ಬದಲು, ತೇಲುವ ಬೋಯಕ್ಕೆ ಹಗ್ಗ ಕಟ್ಟುವ ಪದ್ಧತಿ ಎಲ್ಲರೂ ಪಾಲಿಸಿದರೆ ಅಲ್ಲಿನ ಹವಳಕ್ಕೆ ಅದೇ ದೊಡ್ಡ ಸಹಾಯ. ನಿಮ್ಮ ಆಟೋದಲ್ಲಿ ಬರುವ ಪ್ರವಾಸಿಗರಿಗೂ ಹೇಳಿ, ಇದನ್ನು ಕೇಳಿ ದೋಣಿ ಹತ್ತಿ ಎಂದು.

ಪ್ರಶ್ನೆ: ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಈಜು ಬರುವುದಿಲ್ಲ. ಕಡಲ ಸಂಶೋಧನೆ ಮಾಡಬೇಕೆಂದು ಆಸೆ. ಮನೆಯಲ್ಲಿ ಬೇಡ ಅನ್ನುತ್ತಾರೆ. ಏನು ಮಾಡಲಿ ಮೇಡಂ?
(ವಿದ್ಯಾರ್ಥಿನಿ, ರಾಯಚೂರು)

ಉತ್ತರ: ಕಡಲಿಲ್ಲದ ಊರಿನಿಂದ ಈ ಪ್ರಶ್ನೆ ಬಂದಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತಮ್ಮ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, 1969ರಲ್ಲಿ ಶುರುವಾದದ್ದು, ಬಿ.ಎಫ್.ಎಸ್ಸಿ. ಪದವಿಗೆ ಸಿಇಟಿ ಮೂಲಕ ಸೀಟು. ಇಲ್ಲವಾದರೆ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಆಮೇಲೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೋ, ಕೊಚ್ಚಿಗೋ ಹೋಗಬಹುದು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕೇಂದ್ರ ಇದೆ. ಅವರ ವಿಜ್ಞಾನಿಗಳು 1950ರ ದಶಕದಲ್ಲೇ ಮಿನಿಕಾಯ್‌ಗೆ ಹೋಗಿ ಟ್ಯೂನಾ ಮತ್ತು ಎರೆ ಮೀನಿನ ಬಗ್ಗೆ ಬರೆದಿದ್ದರು, ಇಂದಿಗೂ ಹೋಲಿಕೆಗೆ ಅವೇ ಆಧಾರ.

ಈಜು ಕಲಿಯಬಹುದು, ಇಪ್ಪತ್ತರ ನಂತರ ಕಲಿತವರೂ ಇದ್ದಾರೆ. ನೀರಿಗೆ ಇಳಿಯದೆ ಮಾಡುವ ಕೆಲಸವೂ ಬೇಕಾದಷ್ಟಿದೆ. ಉಪಗ್ರಹ ಚಿತ್ರ ನೋಡುವುದು, ಫೋಟೋಗಳಿಂದ ಹವಳ ಎಣಿಸುವುದು, ಮೀನುಗಾರರ ಲೆಕ್ಕದ ಪುಸ್ತಕ ಓದಿ ಅರ್ಥ ಮಾಡುವುದು. ಅದಕ್ಕೆಲ್ಲ ಸಂಖ್ಯಾಶಾಸ್ತ್ರ ಬೇಕು, ಗಣಿತ ಬಿಡಬೇಡ. ಮನೆಯವರಿಗೆ ಸಂಬಳದ ಚಿಂತೆ ಇರುತ್ತದೆ, ಅದು ಸಹಜ. ಮೀನುಗಾರಿಕಾ ಪದವಿಗೆ ಸರ್ಕಾರಿ ಇಲಾಖೆ, ಬ್ಯಾಂಕು, ಸಂಶೋಧನಾ ಸಂಸ್ಥೆಗಳಲ್ಲಿ ಹುದ್ದೆಗಳಿವೆ ಎಂದು ಅವರಿಗೆ ತೋರಿಸು. ಅರ್ಜಿ ಹಾಕುವ ಹೊತ್ತಿಗೆ ಮತ್ತೆ ನನಗೆ ಬರಿ, ಯಾವ ವಿಷಯ ಆರಿಸಬೇಕು ಎಂದು ಕೂತು ಮಾತಾಡೋಣ.